ಬಾಯಿ ಸೊಟ್ಟಗಾದಾಗ ವೈದ್ಯರು ಹಣೆ ನೋಡುವುದೇಕೆ?

ಪ್ರಶ್ನೆ: ತಂದೆಗೆ ಬಾಯಿ ಸ್ವಲ್ಪ ಎಡಕ್ಕೆ ಎಳೆದಿತ್ತು, ಅಷ್ಟೇ. ಹುಬ್ಬೇರಿಸಲು ಹೇಳಿ ನೋಡಿದ ವೈದ್ಯರು ಕೂಡಲೇ ಸ್ಕ್ಯಾನ್‌ಗೆ ಕಳಿಸಿದರು. ಪಕ್ಕದ ಮನೆಯವರಿಗೆ ಅರ್ಧ ಮುಖವೇ ಜೋತುಬಿದ್ದು ಕಣ್ಣೂ ಮುಚ್ಚುತ್ತಿರಲಿಲ್ಲ. ಅವರಿಗೆ ಮಾತ್ರೆ ಬರೆದು ಮನೆಗೆ ಕಳಿಸಿದರು. ಇದು ಉಲ್ಟಾ ಆಗಲಿಲ್ಲವೇ?
– ಓದುಗರು, ಹಾವೇರಿ

ಉತ್ತರ: ಉಲ್ಟಾ ಅಲ್ಲ. ಹಣೆ ಸರಿಯಿದ್ದು ಬಾಯಿ ಮಾತ್ರ ಸೊಟ್ಟಗಾಗಿದ್ದರೆ ಅದೇ ಹೆಚ್ಚು ಆತಂಕದ್ದು, ಅದು ಪಾರ್ಶ್ವವಾಯು ಇರಬಹುದು.

ಮುಖ, ನಾಲಿಗೆ, ಗಂಟಲು ಆಡಿಸುವ ಆದೇಶ ಹುಟ್ಟುವುದು ಮೆದುಳಿನ ಹೊರಪದರದಲ್ಲಿ. ಅಲ್ಲಿಂದ ಹೊರಟ ತಂತುಗಳು ಇಂಟರ್ನಲ್ ಕ್ಯಾಪ್ಸೂಲ್ ಎಂಬ ಇಕ್ಕಟ್ಟಾದ ಜಾಗದಲ್ಲಿ ಹಾದು, ಮೆದುಳುಕಾಂಡಕ್ಕಿಳಿದು, ಮೆದುಳಿನಿಂದ ನೇರ ಹೊರಡುವ ಕಪಾಲ ನರಗಳ ಕೇಂದ್ರಗಳನ್ನು ಮುಟ್ಟುತ್ತವೆ. ಇದು ಕಾರ್ಟಿಕೋಬಲ್ಬಾರ್ ಮಾರ್ಗ. ಮುಖದ್ದು 7ನೇ ನರ. ಅದರ ಕೇಂದ್ರ ಮೆದುಳುಕಾಂಡದ ನಡುಭಾಗವಾದ ಪಾನ್ಸ್‌ನಲ್ಲಿದೆ. ಆ ಕೇಂದ್ರದಲ್ಲಿ ಹಣೆಯನ್ನು ನೋಡಿಕೊಳ್ಳುವ ಕೋಶಗಳಿಗೆ ಮೆದುಳಿನ ಎರಡೂ ಬದಿಯಿಂದ ಆದೇಶ ಬರುತ್ತದೆ. ಬಾಯಿಯ ಸುತ್ತಲಿನದಕ್ಕೆ ಬಹುಪಾಲು ಎದುರು ಬದಿಯಿಂದಷ್ಟೇ. ನಿಮ್ಮ ತಂದೆಯ ಬಾಯಿ ಎಡಕ್ಕೆ ಎಳೆದಿತ್ತೆಂದರೆ ಸೋತದ್ದು ಬಲಮುಖ, ಅನುಮಾನ ಎಡ ಮೆದುಳಿನ ಮೇಲೆ. ಬಲ ಮೆದುಳು ಕೆಲಸ ಮಾಡುತ್ತಿದ್ದುದರಿಂದ ಹಣೆ ಉಳಿಯಿತು.

ನೆರೆಯವರಲ್ಲಿ ಕೆಟ್ಟದ್ದು ಮೆದುಳಿನಿಂದ ಹೊರಬಂದ ನರವೇ. ಅದು ಊದಿಕೊಂಡರೆ ಹಣೆ, ಕಣ್ಣು, ಬಾಯಿ ಒಟ್ಟಿಗೆ ಸೋಲುತ್ತವೆ. ಬೆಲ್ಸ್ ಪಾಲ್ಸಿ ಎನ್ನುವುದು ಇದನ್ನೇ. ಪ್ರೆಡ್ನಿಸೊಲೋನ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು. ಮಾತ್ರೆಯಷ್ಟೇ ಮುಖ್ಯ ಕಣ್ಣಿನ ಆರೈಕೆ: ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆ ಮುಚ್ಚಿ ಟೇಪ್. ಇದನ್ನು ಬಿಟ್ಟರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯ ಒಣಗಿ ಹುಣ್ಣಾಗಬಹುದು.

ಆದರೆ ಹಣೆಯ ಪರೀಕ್ಷೆ ಮನೆಯಲ್ಲಿ ತೀರ್ಮಾನ ಮಾಡುವುದಕ್ಕಲ್ಲ. ಪಾನ್ಸ್‌ನಲ್ಲೇ ಪಾರ್ಶ್ವವಾಯು ಆದರೆ ಹಣೆಯೂ ಸೋಲಬಹುದು. ಆಗ ಜೊತೆಗೆ ಎರಡೆರಡು ಕಾಣುವುದು, ತೂರಾಡುವುದು, ಕೈಕಾಲು ಸೋಲುವುದು ಇರಬಹುದು. ಮುಖ ಇದ್ದಕ್ಕಿದ್ದಂತೆ ಸೊಟ್ಟಗಾದರೆ ನೇರ ಆಸ್ಪತ್ರೆಗೆ ಹೋಗಿ, ಶುರುವಾದ ಹೊತ್ತನ್ನು ಹೇಳಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ.

ಪ್ರಶ್ನೆ: ಪಾರ್ಶ್ವವಾಯುವಾದ ಅತ್ತೆಗೆ ಹಲ್ಲು ತೋರಿಸಿ ಎಂದರೆ ಬಾಯಿ ಸೊಟ್ಟಗಾಗುತ್ತದೆ, ಮೊಮ್ಮಗನನ್ನು ಕಂಡು ನಕ್ಕರೆ ನೇರ! ಬೇಕೆಂದೇ ಹೀಗೆ ಮಾಡುತ್ತಾರೆಯೇ?
– ಓದುಗರು, ಪುಣೆ

ಉತ್ತರ: ಖಂಡಿತ ಅಲ್ಲ. ದಯವಿಟ್ಟು ಅವರನ್ನು ಗದರಬೇಡಿ. ಹೇಳಿದಾಗ ನಗುವುದಕ್ಕೂ ತಾನಾಗಿ ಬರುವ ನಗುವಿಗೂ ಮೆದುಳಿನಲ್ಲಿ ದಾರಿ ಬೇರೆ ಬೇರೆ. ಅವರಲ್ಲಿ ಮೊದಲನೆಯದು ಕೆಟ್ಟಿದೆ, ಎರಡನೆಯದು ಉಳಿದಿದೆ.

ಪ್ರಶ್ನೆ: ಅಣ್ಣನಿಗೆ ಮೊದಲ ಪಾರ್ಶ್ವವಾಯುವಿನಲ್ಲಿ ನುಂಗುವ ತೊಂದರೆ ಬೇಗ ಹೋಯಿತು. ಇನ್ನೊಂದು ಬದಿಗೆ ಎರಡನೆಯದು ಆದಮೇಲೆ ನೀರು ಕುಡಿದರೆ ಕೆಮ್ಮು, ಮಾತು ತೊದಲು, ಕಾರಣವಿಲ್ಲದೆ ಅಳು. ಏಕೆ?
– ಓದುಗರು, ತುಮಕೂರು

ಉತ್ತರ: ಗಂಟಲಿನ ಸ್ನಾಯುಗಳಿಗೂ ಎರಡೂ ಬದಿಯ ಆದೇಶವಿದೆ. ಒಂದು ಬದಿ ಕೆಟ್ಟಾಗ ಇನ್ನೊಂದು ಸುಧಾರಿಸಿಕೊಂಡಿತು. ಈಗ ಎರಡೂ ಕೆಟ್ಟಿವೆ. ಇದು ಸ್ಯೂಡೋಬಲ್ಬಾರ್ ಪಾಲ್ಸಿ ಇರಬಹುದು. ಇದರಲ್ಲಿ ನಾಲಿಗೆ ಬಿಗಿಯಾಗುತ್ತದೆ, ಆದರೆ ಸೊರಗುವುದಿಲ್ಲ. ಆ ಅಳು ದುಃಖದ್ದೇ ಆಗಿರಬೇಕಿಲ್ಲ, ಅದಕ್ಕೆ ಔಷಧವಿದೆ.

ಇಲ್ಲಿ ನಿಜವಾದ ಅಪಾಯ ಶ್ವಾಸಕೋಶಕ್ಕೆ. ತೆಳು ನೀರೇ ಹೆಚ್ಚಾಗಿ ಶ್ವಾಸನಾಳಕ್ಕೆ ಜಾರುವುದು, ಕೆಲವೊಮ್ಮೆ ಕೆಮ್ಮೂ ಬಾರದೆ. ವಾಕ್ ಚಿಕಿತ್ಸಕರಿಂದ ನುಂಗುವಿಕೆಯ ಪರೀಕ್ಷೆ ಮಾಡಿಸಿ. ನೀರು, ಗಂಜಿ ಎಷ್ಟು ಗಟ್ಟಿ ಇರಬೇಕು, ಗದ್ದ ತಗ್ಗಿಸಿ ನುಂಗಬೇಕೇ ಎಂದು ಅವರೇ ಹೇಳಲಿ. ಅಲ್ಲಿಯವರೆಗೆ ಮಲಗಿಸಿ ಏನನ್ನೂ ಕುಡಿಸಬೇಡಿ. ಉಂಡಮೇಲೆ ಅರ್ಧ ಗಂಟೆ ನೇರ ಕೂರಿಸಿ, ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ ಬಾಯಿ ಸ್ವಚ್ಛ ಮಾಡಿ. ಜ್ವರ ಬಂದರೆ, ಊಟದ ನಂತರ ದನಿ ಗೊರಗೊರ ಎಂದರೆ ಅದೇ ದಿನ ವೈದ್ಯರಿಗೆ ತೋರಿಸಿ.