ಎರೆಮಣ್ಣಿನಲ್ಲಿ ಒಂದು ಪಾಠ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಹಳ್ಳಿಯೊಂದರ ಶಾಲಾ ಶಿಕ್ಷಕಿ. ಬಿಸಿಯೂಟದ ಸಾರಿನಲ್ಲಿರುವ ಸೊಪ್ಪನ್ನು ಮಕ್ಕಳು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಶಾಲೆಯಲ್ಲಿ ಕೈತೋಟ ಮಾಡಿದರೆ ತಿಂದಾರೆಯೇ? ಜಾಗ ಚಿಕ್ಕದು, ನೀರೂ ಕಡಿಮೆ.

ಉತ್ತರ: ತಿನ್ನುತ್ತಾರೆ ತಂಗಿ, ಆದರೆ ನನ್ನಂತೆ ಟೊಮೆಟೊದಿಂದ ಶುರು ಮಾಡಬೇಡಿ. ಬಾಗಲಕೋಟೆ ಕಡೆ ಮೇಷ್ಟ್ರಾಗಿದ್ದಾಗ ಜನವರಿಯಲ್ಲಿ ಸಸಿ ನೆಡಿಸಿದ್ದೆ. ಬೇಸಿಗೆ ರಜೆ ಮುಗಿಸಿ ಬಂದರೆ ಬಿರುಕು ಬಿಟ್ಟ ಎರೆಮಣ್ಣು, ನಡುವೆ ಒಣಕಡ್ಡಿ!

ಮುಂಗಾರಿನ ಮೊದಲ ಹದಕ್ಕೆ ಮೆಂತ್ಯ ಚೆಲ್ಲಿ. ನಾಲ್ಕೈದು ದಿನಕ್ಕೆ ಮೊಳಕೆ, ತಿಂಗಳೊಳಗೆ ಪಲ್ಯ. ಮಕ್ಕಳ ತಾಳ್ಮೆಯ ಅಳತೆ ಅಷ್ಟೇ. ಪಕ್ಕದಲ್ಲಿ ನಾಲ್ಕು ಪುಂಡಿ ಗಿಡ ಇರಲಿ. ಅದರ ಹುಳಿ ಎಲೆ ಕಚ್ಚಿ ಒಂದು ಕಣ್ಣು ಮುಚ್ಚುವ ಹುಡುಗ, ಮರುದಿನ ಗೆಳೆಯನನ್ನೂ ಕರೆತರುತ್ತಾನೆ. ತಟ್ಟೆ ತೊಳೆದ ನೀರನ್ನು ಮಡಿಗೆ ಹರಿಸಿ. ಸಾಬೂನಿನ ನೀರು ಮಾತ್ರ ಬೇಡ. ಮೇಲೆ ಜೋಳದ ರವದಿ, ಅಂದರೆ ಒಣಗಿದ ಎಲೆ, ಹೊದಿಸಿದರೆ ತೇವ ಬೇಗ ಆರುವುದಿಲ್ಲ.

ಅಂಚಿಗೆ ಒಂದು ಸಾಲು ಅಲಸಂದೆ ಹಾಕಿ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಮೇತ ಅಗೆದು, ಬೇರನ್ನು ನೀರಿನಲ್ಲಿ ಅಲುಗಿಸಿ ತೋರಿಸಿ. ಸಾಸಿವೆಯಿಂದ ಕಡಲೆಯಷ್ಟು ದಪ್ಪದ ಗಂಟುಗಳಿರುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸದಲ್ಲಿವೆ ಎಂಬುದಕ್ಕೆ ಅದೇ ಗುರುತು. ವಿಜ್ಞಾನದ ಪುಸ್ತಕವನ್ನು ಆಮೇಲೆ ತೆರೆಯಿರಿ.

ಕೊಯ್ದ ಸೊಪ್ಪನ್ನು ಮಕ್ಕಳೇ ಸೋಸಿ ಅಡುಗೆಯವರ ಕೈಗೆ ಕೊಡಲಿ. ಕಳೆ ತೆಗೆಯುವುದನ್ನು ಮಾತ್ರ ಎಂದಿಗೂ ಶಿಕ್ಷೆಯಾಗಿ ಕೊಡಬೇಡಿ.