ಖಾನೆಯಲ್ಲಿ ಜಾಗ ಇದೆ, ತೂಕಕ್ಕೆ ಜಾಗ ಇದೆಯೇ?

ಬೇಸಿಗೆ ರಜೆ ಹತ್ತಿರ ಬಂದಂತೆಲ್ಲ ಅಮೆರಿಕದ ಕನ್ನಡಿಗರಿಂದ ಮೋಟರ್‌ಹೋಮ್ (ಮನೆಯಂತೆ ಸಜ್ಜಾದ ಪ್ರವಾಸದ ಗಾಡಿ) ಪ್ರಶ್ನೆಗಳು ಸಾಲುಗಟ್ಟುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಗಾಡಿಯ ಹೊಟ್ಟೆಯಲ್ಲಿರುವ, ಹೊರಗಿನಿಂದ ಬಾಗಿಲು ತೆರೆಯುವ ಖಾನೆಗಳ ಬಗ್ಗೆ. ಅಲ್ಲಿ ಟ್ರೇ ಕೂರಿಸುವುದು ಹೇಗೆ, ಡ್ರಾಯರ್ ಕಟ್ಟುವುದು ಹೇಗೆ ಎಂದು ಕೇಳಿದ್ದೀರಿ. ಇವಕ್ಕೆ ಹಿಂದೆಯೂ ಉತ್ತರ ಕೊಟ್ಟಿದ್ದೇನೆ. ಮತ್ತೆ ಬರೆಯುವುದಕ್ಕೆ ಕಾರಣ ಒಂದೇ: ಕೇಳುವವರೆಲ್ಲ ಖಾನೆಯ ಉದ್ದಗಲ ಬರೆದು ಕಳಿಸುತ್ತಾರೆ, ಗಾಡಿಯ ತೂಕ ಬರೆಯುವವರು ಒಬ್ಬರೂ ಇಲ್ಲ. ಮೂಲೆಮಟ್ಟ ಹಿಡಿಯುವುದು, ಪ್ಲೈವುಡ್ ಕೊಯ್ಯುವುದು, ಸ್ಕ್ರೂಗೆ ಮೊದಲು ತೂತು ಕೊರೆಯುವುದು, ಇವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಬಾರದಿದ್ದವರು ಮೊದಲು ಮನೆಯ ಗ್ಯಾರೇಜಿಗೆ ಒಂದು ಶೆಲ್ಫ್ ಮಾಡಿ ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ನಮ್ಮದು 34 ಅಡಿಯ ಹಳೆಯ ಕ್ಲಾಸ್ ಎ (ಬಸ್ಸಿನಂಥ ದೊಡ್ಡ) ಗಾಡಿ. ಮಧ್ಯದ ಖಾನೆ ಈ ಬದಿಯಿಂದ ಆ ಬದಿಯವರೆಗೂ ತಡೆಯಿಲ್ಲದೆ ಇದೆ. ಸಾಮಾನು ತೆಗೆಯಲು ಒಳಗೆ ತೆವಳಬೇಕು. 500 ಪೌಂಡಿನ ಸ್ಲೈಡ್ (ಟ್ರೇ ಜಾರುವ ಲೋಹದ ಹಳಿ) ಜೋಡಿ ತಂದು, ಆರು ಅಡಿ ಉದ್ದದ ಟ್ರೇ ಮಾಡಿ, ನಾಲ್ಕು ಅಡಿ ಹೊರಗೆ ಎಳೆಯುವಂತೆ ಕಟ್ಟಬೇಕೆಂದಿದ್ದೇನೆ. 500 ಪೌಂಡ್ ಆರಾಮವಾಗಿ ಹೇರಬಹುದು ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಸರಿಯೇ? (ಮಿಷಿಗನ್‌ನಿಂದ)

ಸರಿಯಲ್ಲ. 500 ಪೌಂಡ್ ಎನ್ನುವುದು ಆ ಸ್ಲೈಡಿನ ತಾಕತ್ತು. ನಿಮ್ಮ ಖಾನೆಯ ನೆಲಕ್ಕೆ ಅಷ್ಟು ತಾಕತ್ತಿದೆ ಎಂದು ಸ್ಲೈಡ್ ಮಾಡಿದವರು ಎಲ್ಲೂ ಹೇಳಿಲ್ಲ, ನಿಮ್ಮ ಆಕ್ಸಲ್ (ಚಕ್ರಗಳ ಅಚ್ಚು) ಅಷ್ಟು ಹೊರುತ್ತದೆ ಎಂದೂ ಹೇಳಿಲ್ಲ. ಅದರ ಮೇಲೆ, ನಿಲ್ಲಿಸಿ ಪಕ್ಕಕ್ಕೆ ಬಿಗಿಯುವ ಸ್ಲೈಡನ್ನು ಮಲಗಿಸಿ ನೆಲಕ್ಕೆ ಬಿಗಿದರೆ ಅದರ ತಾಕತ್ತು ನಾಲ್ಕನೇ ಒಂದು ಭಾಗಕ್ಕೆ ಇಳಿಯಬಹುದು. ಇದು ಸ್ಲೈಡಿನ ಜೊತೆ ಬರುವ ಕಾಗದದಲ್ಲೇ ಇರುತ್ತದೆ. ವಿಡಿಯೊ ಮಾಡುವವರು ಆ ಕಾಗದ ಓದುವುದಿಲ್ಲ.

ಮೊದಲ ಕೆಲಸ ತೂಕ. 2008ರ ಜೂನ್ ನಂತರ ತಯಾರಾದ ಮೋಟರ್‌ಹೋಮ್‌ಗಳಲ್ಲಿ, ಒಳಹೋಗುವ ಬಾಗಿಲ ಬಳಿ ಒಂದು ಚೀಟಿ ಅಂಟಿಸಿರಲೇಬೇಕು. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಕೆಳಗಿನ ಸಾಲನ್ನೂ ಓದಿ: ಟ್ಯಾಂಕಿನ ನೀರು ಸಾಮಾನಿನ ಲೆಕ್ಕಕ್ಕೆ ಸೇರುತ್ತದೆ, ಹಿಂದೆ ಎಳೆಯುವ ಟ್ರೇಲರ್ ಕೊಕ್ಕೆಯ ಮೇಲೆ ಹಾಕುವ ಭಾರವೂ ಸೇರುತ್ತದೆ. ಒಂದು ಗ್ಯಾಲನ್ ನೀರು 8.34 ಪೌಂಡ್. 75 ಗ್ಯಾಲನ್ ತುಂಬಿದರೆ ಅಲ್ಲಿಗೇ 625 ಪೌಂಡ್ ಹೋಯಿತು. ನಾಲ್ಕು ಜನರಿಗೆ ಇನ್ನೊಂದು 600 ಇಟ್ಟುಕೊಳ್ಳಿ. ಉಳಿದದ್ದರಲ್ಲಿ ನಿಮ್ಮ ವೆಟ್ ಗ್ರೈಂಡರ್, 20 ಪೌಂಡಿನ ಸೋನಾ ಮಸೂರಿ ಚೀಲಗಳು, ಮಡಚುವ ಕುರ್ಚಿ, ಸೈಕಲ್, ಮಕ್ಕಳ ಟೆಂಟು ಎಲ್ಲವೂ ಬರಬೇಕು. ನೀವು ಕಟ್ಟುವ ಟ್ರೇ ಕೂಡ ಅದರೊಳಗೇ ಬರಬೇಕು.

ನಿಮ್ಮದು ಹಳೆಯ ಗಾಡಿ. ಕೈ ಬದಲಾಗಿದೆ, ಹಿಂದಿನವರು ಏನೇನು ಸೇರಿಸಿದ್ದಾರೋ ಗೊತ್ತಿಲ್ಲ, ಹಾಗಾಗಿ ಚೀಟಿಯನ್ನು ನಂಬಿ ಕೂರಬೇಡಿ. ಪ್ರವಾಸಕ್ಕೆ ಹೊರಡುವ ಹಾಗೆಯೇ ನೀರು, ಪೆಟ್ರೋಲು, ಜನ, ಸಾಮಾನು ಎಲ್ಲ ತುಂಬಿಕೊಂಡು ಹೆದ್ದಾರಿ ಬದಿಯ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲ್ ಎಂಬ ಲಾರಿ ತೂಗುವ ಕಟ್ಟೆಯ ಮೇಲೆ ಹತ್ತಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆಬೇರೆ ತೂಕ ಬರೆದ ಚೀಟಿ ಕೊಡುತ್ತಾರೆ. ಅದನ್ನು ಚಾಲಕನ ಸೀಟಿನ ಬಳಿಯ ಫಲಕದಲ್ಲಿರುವ ಆಕ್ಸಲ್ ಮಿತಿಯ ಪಕ್ಕ ಇಟ್ಟು ನೋಡಿ. ಎಡ ಬಲದ ವ್ಯತ್ಯಾಸ ಅಲ್ಲಿ ತಿಳಿಯುವುದಿಲ್ಲ. ಅದಕ್ಕೆ ಎಸ್ಕೇಪೀಸ್ ಎಂಬ ಮೋಟರ್‌ಹೋಮ್ ಪ್ರವಾಸಿಗರ ಸಂಘದವರ ಸ್ಮಾರ್ಟ್‌ವೇ ತೂಕದಂಥದ್ದು ಬೇಕು, ಅವರು ಒಂದೊಂದು ಚಕ್ರದ ಭಾರವನ್ನೂ ಪ್ರತ್ಯೇಕವಾಗಿ ಕೊಡುತ್ತಾರೆ. ಫ್ರಿಜ್ಜು, ಅಡುಗೆಮನೆ ಇರುವ ಸ್ಲೈಡ್‌ಔಟ್ (ನಿಂತಾಗ ಗೋಡೆಯಿಂದ ಹೊರಕ್ಕೆ ಜಾರುವ ಭಾಗ) ಒಂದು ಬದಿಯಲ್ಲಿದ್ದರೆ ಆ ಬದಿ ಮೊದಲೇ ಭಾರವಾಗಿರುತ್ತದೆ. ಟೂಲ್ ಬಾಕ್ಸನ್ನೂ ಅಲ್ಲೇ ತುರುಕಿದರೆ ಆ ಬದಿಯ ಟೈರು ಅನುಭವಿಸುತ್ತದೆ. ಹಿಂದಿನ ಆಕ್ಸಲ್ಲಿಗಿಂತ ಹಿಂದಿರುವ ಖಾನೆ ಇನ್ನೂ ಕೆಟ್ಟದು. ಅಲ್ಲಿಟ್ಟ ಭಾರ ಸನ್ನೆಯಂತೆ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ, ಹಿಂದಿನ ಆಕ್ಸಲ್ ಮೇಲೆ ತನ್ನ ತೂಕಕ್ಕಿಂತ ಹೆಚ್ಚು ಹಾಕುತ್ತದೆ. ಸ್ಟೇರಿಂಗ್ ತೇಲಿದಂತಾಗುತ್ತದೆ ಎಂದು ಬರೆಯುವವರು ಮೊದಲು ಆ ಖಾನೆ ಖಾಲಿ ಮಾಡಿ ಓಡಿಸಿ ನೋಡಲಿ.

ತೂಕಕ್ಕೆ ಜಾಗ ಉಳಿದಿದ್ದರೆ ಮಾತ್ರ ಮುಂದಿನದನ್ನು ಓದಿ.

ಎರಡನೆಯದು, ಟ್ರೇಯನ್ನು ಯಾವುದಕ್ಕೆ ಬಿಗಿಯುತ್ತೀರಿ? ಗಾಡಿಯ ಕೆಳಗೆ ಮಲಗಿ ಖಾನೆಯ ತಳ ನೋಡಿ. ಕೆಲವು ಗಾಡಿಗಳಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ತಗಡು ಹಾಸಿರುತ್ತಾರೆ. ಕೆಲವದರಲ್ಲಿ ಪ್ಲಾಸ್ಟಿಕ್ಕಿನ ದೊಡ್ಡ ತೊಟ್ಟಿಯನ್ನು ತೂಗುಹಾಕಿರುತ್ತಾರೆ, ಅಷ್ಟೆ. ಆ ಪ್ಲಾಸ್ಟಿಕ್ಕಿಗೆ ನಾಲ್ಕು ಸ್ಕ್ರೂ ಹೊಡೆದು ಟ್ರೇ ಕೂರಿಸಿಕೊಡುವವರು ಇದ್ದಾರೆ. ಅಂಥ ಕೆಲಸವನ್ನು ನಾನು ಕಿತ್ತು ಕೆಳಗಿಳಿಸಿದ್ದೇನೆ. ಸ್ಕ್ರೂ ತೂತುಗಳು ಉದ್ದುದ್ದ ಹರಿದು ಮೊಟ್ಟೆಯಾಕಾರಕ್ಕೆ ಬಂದಿದ್ದವು, ತೊಟ್ಟಿಯ ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು. ಬೋಲ್ಟು ಚೌಕಟ್ಟಿನ ಕೊಳವೆಗೇ ಹೋಗಬೇಕು, ಇಲ್ಲವೇ ತಳದ ಕೆಳಗೆ ಅಡ್ಡಲಾಗಿ ಅಲ್ಯುಮಿನಿಯಂ ಆಂಗಲ್ ಕೊಟ್ಟು ಎರಡು ಚೌಕಟ್ಟುಗಳ ನಡುವೆ ಭಾರ ಹಂಚಬೇಕು. ಡ್ರಿಲ್ ಹಿಡಿಯುವ ಮೊದಲು ಕೆಳಗೆ ವೈರಿಂಗ್, ನೀರಿನ ಟ್ಯಾಂಕು, ಜ್ಯಾಕಿನ ಹೈಡ್ರಾಲಿಕ್ ಪೈಪು, ಗ್ಯಾಸಿನ ಪೈಪು ಎಲ್ಲಿ ಹೋಗಿದೆ ಎಂದು ಕೈಯಿಂದ ಮುಟ್ಟಿ ನೋಡಿ. ಫೋಟೊ ನೋಡಿ ಊಹಿಸಬೇಡಿ.

ಈಗ ನಿಮ್ಮ ನಾಲ್ಕು ಅಡಿ. ಆರು ಅಡಿಯ ಟ್ರೇ ಮೇಲೆ 300 ಪೌಂಡ್ ಸಮನಾಗಿ ಹರಡಿದೆ ಎಂದಿಟ್ಟುಕೊಳ್ಳಿ. ನಾಲ್ಕು ಅಡಿ ಹೊರಗೆಳೆದಾಗ ಒಳಗೆ ಉಳಿಯುವುದು ಎರಡೇ ಅಡಿ, ಭಾರದ ನಡುಬಿಂದು ಬಾಗಿಲಂಚಿನಿಂದ ಒಂದು ಅಡಿ ಆಚೆ ಇರುತ್ತದೆ. ಟ್ರೇಯ ಒಳತುದಿ 150 ಪೌಂಡ್ ಬಲದಿಂದ ಮೇಲಕ್ಕೆ ಏಳಲು ನೋಡುತ್ತದೆ, ಬಾಗಿಲಂಚಿನಲ್ಲಿ ನೆಲದ ಮೇಲೆ 450 ಪೌಂಡ್ ಒತ್ತಡ ಬೀಳುತ್ತದೆ. ಈ ಮೇಲೆತ್ತುವ ಬಲ ಬೀಳುವುದು ಖಾನೆಯ ಒಳಮೂಲೆಯಲ್ಲಲ್ಲ, ಬಾಗಿಲಿನಿಂದ ಎರಡು ಅಡಿ ಒಳಗೆ. ಎಲ್ಲರೂ ಬೋಲ್ಟು ಹಾಕುವುದು ಎರಡು ತುದಿಗಳಿಗೆ, ನಡುವೆ ಖಾಲಿ. ಆಮೇಲೆ ಹಳಿ ಬಾಗಿದೆ, ಸ್ಲೈಡ್ ಕಳಪೆ ಎಂದು ಬೈಯುತ್ತಾರೆ. ಹೊರಬಂದ ಟ್ರೇ ಮೇಲೆ ಮಗು ಹತ್ತಿ ಕೂತರೆ ಈ ಲೆಕ್ಕವೂ ಹೋಯಿತು. ಕೂರಿಸಲೇಬೇಡಿ.

ನನ್ನ ಸಲಹೆ ಕೇಳಿದರೆ, ಆರು ಅಡಿಯ ಒಂದು ಟ್ರೇ ಬಿಟ್ಟುಬಿಡಿ. ಎರಡೂ ಬದಿಯಿಂದ ತೆರೆಯುವಂತೆ ಮೂರು ಮೂರು ಅಡಿಯ ಎರಡು ಟ್ರೇ ಮಾಡಿ, ತಲಾ 150 ಪೌಂಡ್ ಸಾಕು. ಎರಡು ಅಡಿ ಎಳೆದರೂ ಮೇಲೆತ್ತುವ ಬಲ 75, ಅಂಚಿನ ಒತ್ತಡ 225, ಎರಡೂ ಅರ್ಧಕ್ಕೆ ಇಳಿಯುತ್ತವೆ. ಅದಕ್ಕಿಂತ ಭಾರವಾದ ಜನರೇಟರು, ಎರಕದ ಕಬ್ಬಿಣದ ಕಾವಲಿಗಳ ಪೆಟ್ಟಿಗೆ, ಇಂಥವನ್ನು ಟ್ರೇಗೆ ಹಾಕಲೇಬೇಡಿ. ಬಾಗಿಲ ಬಳಿ ನೆಲದ ಮೇಲಿಟ್ಟು ಪಟ್ಟಿ ಬಿಗಿಯಿರಿ.

ಟ್ರೇಯ ಲಾಕು ಎರಡು ಕಡೆ ಬೇಕು: ಒಳಗಿದ್ದಾಗ ಹಿಡಿಯುವುದು, ಹೊರಗೆಳೆದಾಗ ಹಿಡಿಯುವುದು. ಟ್ರೇ ಜಾರುವುದು ಗಾಡಿಗೆ ಅಡ್ಡಲಾಗಿ. ಬಲಕ್ಕೆ ತಿರುವು ತೆಗೆದುಕೊಂಡಾಗ ಎಡಗಡೆಯ ಟ್ರೇ ಹೊರಕ್ಕೆ ನುಗ್ಗುತ್ತದೆ. ಖಾನೆಯ ಬಾಗಿಲೇ ತಡೆಯುತ್ತದಲ್ಲ ಎಂದು ಇಬ್ಬರು ಬರೆದಿದ್ದಾರೆ. ಆ ಬಾಗಿಲಿನ ಚಿಲಕ ಗಾಳಿ ಮಳೆಗೆ ಮಾಡಿದ್ದು, 150 ಪೌಂಡಿನ ಗುದ್ದಿಗೆ ಮಾಡಿದ್ದಲ್ಲ. ಹೆದ್ದಾರಿಯಲ್ಲಿ ಬಾಗಿಲು ತೆರೆದುಕೊಂಡು ಟ್ರೇ ಆಚೆ ಬಂದರೆ ಪಕ್ಕದಲ್ಲಿ ಬರುತ್ತಿರುವ ಬೈಕಿನವನ ಗತಿ ಯೋಚಿಸಿ. ಇದು ನನ್ನ ನಿದ್ದೆ ಕೆಡಿಸುವ ವಿಷಯ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹೊರಗಿನ ಲಾಕು ಕ್ಯಾಂಪಿನ ಇಳಿಜಾರಿಗೆ ಬೇಕು. ಗಾಡಿ ಸ್ವಲ್ಪ ವಾಲಿ ನಿಂತಿದ್ದರೆ ಟ್ರೇ ತಾನೇ ಓಡಿ ಬಂದು ಮೊಣಕಾಲಿಗೆ ಬಡಿಯುತ್ತದೆ, ಅಥವಾ ಬೆರಳಿದ್ದಾಗಲೇ ಒಳಗೆ ಮುಚ್ಚಿಕೊಳ್ಳುತ್ತದೆ.

ಅಗಲ ಲೆಕ್ಕ ಹಾಕುವಾಗ ಖಾನೆಯ ಒಳಗಿನ ಅಗಲ ನೋಡಬೇಡಿ. ಬಾಗಿಲ ಬಾಯಿಯ ಅಗಲ ನೋಡಿ, ಅದರಲ್ಲಿ ರಬ್ಬರ್ ಅಂಚು, ಕೀಲು, ಗ್ಯಾಸ್ ಸ್ಟ್ರಟ್ (ಬಾಗಿಲನ್ನು ಎತ್ತಿ ಹಿಡಿಯುವ ಸರಳು) ಬರುವ ದಾರಿ ಕಳೆಯಿರಿ. ಟ್ರೇ ಹಲಗೆಗೆ 12 ಮಿ.ಮೀ. ಬರ್ಚ್ ಪ್ಲೈವುಡ್ ಸಾಕು, ಚದರ ಮೀಟರಿಗೆ ಸುಮಾರು 8 ಕೆ.ಜಿ. ಬರುತ್ತದೆ. 18 ಮಿ.ಮೀ. ಹಾಕಿದರೆ 12 ಕೆ.ಜಿ., ಗಟ್ಟಿ ಇರಲಿ ಎಂದು ಹಾಕುವವರು ಆ ವ್ಯತ್ಯಾಸವನ್ನು ಪ್ರತಿ ಮೈಲಿಯೂ ಹೊರುತ್ತಾರೆ. ಕೊಯ್ದ ಅಂಚುಗಳಿಗೆ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಎರಡು ಕೈ ಬಳಿಯಿರಿ. ನೀರು ಕುಡಿಯುವುದು ಅಂಚೇ, ಮುಖವಲ್ಲ. ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ನಂಥ ಮರದ ಪುಡಿ ಒತ್ತಿ ಮಾಡಿದ ಹಲಗೆಗಳ ಹತ್ತಿರ ಸುಳಿಯಬೇಡಿ. ಮಿಷಿಗನ್‌ನಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಯುಮಿನಿಯಂಗೆ ಉಕ್ಕಿನ ಬೋಲ್ಟು ತಾಗಿದ ಕಡೆ ಆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಡುವೆ ನೈಲಾನ್ ವಾಷರ್ ಕೊಡಿ.

ಪ್ರಶ್ನೆ: ಖಾನೆಗಳಿಗೆ ಇಲಿ ಬರುತ್ತಿದೆ. ಕಂಡ ತೂತಿಗೆಲ್ಲ ಸ್ಪ್ರೇ ಫೋಮ್ ಹೊಡೆದು, ನುಸಿಗುಳಿಗೆ ಇಟ್ಟಿದ್ದೇವೆ. ಈಗ ಪ್ರೊಪೇನ್ ಖಾನೆಯ ತಳದಲ್ಲೂ ತೂತುಗಳು ಕಂಡಿವೆ. ಅವನ್ನೂ ಮುಚ್ಚಬೇಕೇ? (ನ್ಯೂಜೆರ್ಸಿಯಿಂದ)

ಮುಟ್ಟಬೇಡಿ. ಈಗಾಗಲೇ ಮುಚ್ಚಿದ್ದರೆ ಇವತ್ತೇ ಬಿಡಿಸಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ತಳದಲ್ಲೇ ಕೂರುತ್ತದೆ, ಹೊರಗೆ ಹರಿದುಹೋಗಲಿ ಎಂದೇ ತಳದಲ್ಲಿ ತೂತು ಬಿಟ್ಟಿರುತ್ತಾರೆ. ಇಲಿಗೆ ಹೆದರಿ ಅದನ್ನು ಮುಚ್ಚುವುದು ಮನೆಯವರ ಜೀವದ ಜೊತೆ ಆಟ. ಆ ಖಾನೆಯಲ್ಲಿ ಟ್ರೇಯೂ ಬೇಡ, ಶೆಲ್ಫೂ ಬೇಡ, ದೀಪದ ಸ್ವಿಚ್ಚಂತೂ ಬೇಡವೇ ಬೇಡ. ಲೆಡ್ ಆಸಿಡ್ ಬ್ಯಾಟರಿಯ ಖಾನೆಯಲ್ಲಿ ಇದಕ್ಕೆ ಉಲ್ಟಾ, ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಹಗುರ, ಅದರ ಗಾಳಿಕಿಂಡಿ ಮೇಲಿರುತ್ತದೆ. ಅದನ್ನೂ ಮುಚ್ಚಬೇಡಿ. ನುಸಿಗುಳಿಗೆಯ ಹಬೆ ಇಲಿಯನ್ನು ಓಡಿಸುವುದಿಲ್ಲ, ಒಳಗೆ ಮಲಗುವ ನಿಮ್ಮ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ. ಬೇರೆ ಖಾನೆಗಳಲ್ಲಿ ವೈರು, ಪೈಪು ಹಾದುಹೋಗುವ ತೂತುಗಳಿಗೆ ಕಾಲಿಂಚಿನ ಕಣ್ಣಿನ ಲೋಹದ ಜಾಲರಿ ಬಿಗಿಯಿರಿ. ಫೋಮನ್ನು ಇಲಿ ಕಡಿದು ಗೂಡಿಗೆ ಹಾಸಿಕೊಳ್ಳುತ್ತದೆ.

ಪ್ರಶ್ನೆ: ಮಳೆ ಬಂದಾಗಲೆಲ್ಲ ಖಾನೆಗೆ ನೀರು. ಮೆಕ್ಯಾನಿಕ್ ಬಾಗಿಲ ಸುತ್ತ ಸಿಲಿಕಾನ್ ಬಳಿದು ಹೋದರು, ಆದರೂ ನಿಂತಿಲ್ಲ.

ಬಾಗಿಲಿನ ರಬ್ಬರಿನ ಮೇಲೆ ಸುತ್ತಲೂ ಸೀಮೆಸುಣ್ಣ ತೀಡಿ. ಬಾಗಿಲು ಹಾಕಿ ಚಿಲಕ ಬಿಗಿದು, ಮತ್ತೆ ತೆಗೆದು ಚೌಕಟ್ಟು ನೋಡಿ. ಎಲ್ಲಿ ಬಿಳಿ ಗೆರೆ ಬಿದ್ದಿಲ್ಲವೋ ಅಲ್ಲಿ ರಬ್ಬರ್ ತಾಗುತ್ತಿಲ್ಲ, ನೀರು ಬರುವುದು ಅಲ್ಲಿಂದಲೇ. ರಬ್ಬರ್ ಸತ್ತಿದ್ದರೆ ಬದಲಾಯಿಸಿ, ಚಿಲಕ ಸಡಿಲವಿದ್ದರೆ ಬಿಗಿಗೊಳಿಸಿ. ಸಿಲಿಕಾನ್ ಬಳಿದು ಹಣ ಪಡೆದವರು ಕೆಲಸ ಕೆಡಿಸಿ ಹೋಗಿದ್ದಾರೆ, ಅದನ್ನು ಪೂರ್ತಿ ಕೆರೆದು ತೆಗೆಯುವವರೆಗೆ ಬೇರೇನೂ ಅಲ್ಲಿ ಅಂಟುವುದಿಲ್ಲ.

ಪ್ರಶ್ನೆ: ಖಾನೆಗಳಿಗೆ ಬೀಗ ಇದೆ. ಬೆಲೆಬಾಳುವ ಸಾಮಾನು ಇಡಬಹುದೇ?

ನಿಮ್ಮ ಕೀ ಮೇಲೆ ಸಿಎಚ್751 ಎಂದಿದೆಯೇ ನೋಡಿ. ಇದ್ದರೆ ಕ್ಯಾಂಪಿನಲ್ಲಿ ನಿಮ್ಮ ಪಕ್ಕದ ಗಾಡಿಯವರ ಕೀಯಿಂದಲೂ ಅದು ತೆರೆಯಬಹುದು. ಸಿಲಿಂಡರ್ ಬದಲಾಯಿಸಿ.

ಪ್ರಶ್ನೆ: ಕುಡಿಯುವ ನೀರಿನ ಪೈಪನ್ನೂ ಶೌಚದ ಪೈಪನ್ನೂ ಒಂದೇ ಡ್ರಾಯರಿನಲ್ಲಿ, ನಡುವೆ ಹಲಗೆ ಕೊಟ್ಟು ಇಡಬಹುದೇ?

ಇಡಬಾರದು.

ಪ್ರಶ್ನೆ: ಪೆಟ್ರೋಲ್ ಕ್ಯಾನಿಗೆ ಖಾನೆಯಲ್ಲಿ ಸ್ಟ್ಯಾಂಡ್ ಮಾಡಬೇಕು. ಅಳತೆ ಹೇಳಿ.

ಹೇಳುವುದಿಲ್ಲ. ಮಲಗುವ ಕೋಣೆಯ ಕೆಳಗಿನ ಮುಚ್ಚಿದ ಖಾನೆಯಲ್ಲಿ ಪೆಟ್ರೋಲ್ ಇಡುವುದಕ್ಕೆ ನಾನು ಅಳತೆ ಕೊಡುವವನಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಟಿಟಿಯನ್ನು (ಟೆಂಪೊ ಟ್ರಾವೆಲರ್) ಕ್ಯಾಂಪರ್ ಮಾಡಿಸಿದ್ದೇವೆ. ಒಳಗೆ ಜಾಗ ಸಾಲದು. ಅಮೆರಿಕದ ಗಾಡಿಗಳ ಹಾಗೆ ಚಾಸಿಗೆ (ಗಾಡಿಯ ತಳದ ಚೌಕಟ್ಟಿಗೆ) ಪೆಟ್ಟಿಗೆ ವೆಲ್ಡ್ ಮಾಡಿಕೊಡುತ್ತೇನೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಮಾಡಿಸಲೇ?

ಬೇಡ. ಅಮೆರಿಕದ ಕ್ಲಾಸ್ ಎ ಗಾಡಿಯಲ್ಲಿ ನೆಲವನ್ನೇ ಎತ್ತರಿಸಿ ಕೆಳಗೆ ಖಾನೆಗೆ ಜಾಗ ಬಿಟ್ಟು ಕಟ್ಟಿರುತ್ತಾರೆ. ಟಿಟಿಯ ಕೆಳಗೆ ಆ ಎತ್ತರ ಇಲ್ಲ. ನಮ್ಮ ರೋಡ್ ಹಂಪಿಗೆ ಪೆಟ್ಟಿಗೆಯ ತಳವೇ ಮೊದಲು ತಾಗುತ್ತದೆ. ಚಾಸಿಗೆ ಮನಸ್ಸಿಗೆ ಬಂದ ಕಡೆ ವೆಲ್ಡ್ ಮಾಡಿ ಕಾಯಿಸಿದರೆ ಆ ಜಾಗದಲ್ಲಿ ಉಕ್ಕು ದುರ್ಬಲವಾಗಿ ಬಿರುಕಿಗೆ ದಾರಿಯಾಗುತ್ತದೆ. ಕಾನೂನಿನ ಮಾತೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಕ್ಯಾಂಪರ್ ಮಾಡಿಸಿದ್ದನ್ನೇ ಆರ್‌ಟಿಒದಲ್ಲಿ ನಮೂದಿಸಿದ್ದೀರೋ ಇಲ್ಲವೋ, ಮೊದಲು ಅದನ್ನು ನೋಡಿಕೊಳ್ಳಿ. ಜಾಗವೇ ಬೇಕಿದ್ದರೆ ಹಿಂದಿನ ಬಾಗಿಲಿನಿಂದ ತೆರೆಯುವಂತೆ ಮಂಚದ ಕೆಳಗೆ ಎರಡು ಡ್ರಾಯರ್ ಮಾಡಿಸಿ. ಕಟ್ಟಿಸುವ ಮುನ್ನ ಗಾಡಿಯನ್ನು ವೇಬ್ರಿಜ್ ಮೇಲೆ ಹತ್ತಿಸಿ, ಬಂದ ಚೀಟಿಯನ್ನು ಇಟ್ಟುಕೊಂಡು ಆಮೇಲೆ ನನಗೆ ಬರೆಯಿರಿ.