ಅಡಿಕೆ ಸುಲಿಯುವ ಕೈಗೆ ಒಂದು ವಚನ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಪ್ರಾರ್ಥನೆ, ಸತ್ಯವೇದದ ಓದು ಆಗುತ್ತಿಲ್ಲ ಎಂದು ಸಲಹೆ ಕೇಳಲು ನನ್ನ ಹತ್ತಿರ ಜನ ಬರುತ್ತಾರೆ. ತೀರ್ಥಹಳ್ಳಿ ಕಡೆಯ ಒಂದು ಊರಿನಿಂದ ಒಬ್ಬ ಅಕ್ಕ ಡಿಸೆಂಬರ್‌ನಲ್ಲಿ ಬಂದರು. ವಯಸ್ಸು ನಲವತ್ತೈದರ ಆಸುಪಾಸು. ಕೂತವರೇ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ವರ್ಷದೊಳಗೆ ಸತ್ಯವೇದ (ಬೈಬಲ್) ಓದಿ ಮುಗಿಸುವ ಪಟ್ಟಿ. ದಿನಕ್ಕೊಂದು ಚೌಕ. ಫೆಬ್ರವರಿ ಮೊದಲ ವಾರದವರೆಗೆ ನೀಟಾಗಿ ಟಿಕ್ ಬಿದ್ದಿತ್ತು. ಸತ್ಯವೇದದ ಮೂರನೇ ಪುಸ್ತಕ ಯಾಜಕಕಾಂಡದ ಹತ್ತಿರ ನಿಂತಿತ್ತು. ಆಮೇಲೆ ಪೂರ್ತಿ ಖಾಲಿ.

"ದೇವರಿಗೆ ನನ್ನ ಮೇಲೆ ಬೇಜಾರಾಗಿರುತ್ತೆ ಅಲ್ವಾ ಮೇಡಂ?" ಎಂದರು.

ಅತ್ತೆ ಹಾಸಿಗೆ ಹಿಡಿದಿದ್ದಾರೆ. ಗಂಡ ಲಾರಿ ಓಡಿಸುತ್ತಾರೆ, ಮನೆಗೆ ಬರುವುದು ವಾರಕ್ಕೊಮ್ಮೆ. ಸುಗ್ಗಿಯಲ್ಲಿ ಈ ಅಕ್ಕ ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಡಬ್ಬದ ಲೆಕ್ಕದಲ್ಲಿ ಕೂಲಿ. ಮನೆಗೆ ಬಂದು ಸತ್ಯವೇದ ತೆರೆದರೆ ಎರಡು ಸಾಲಿಗೇ ಕಣ್ಣು ಎಳೆಯುತ್ತದೆ. ಖಾಲಿ ಚೌಕ ನೋಡಿದರೆ ನಾಚಿಕೆ. ನಾಚಿಕೆಗೆ ಪುಸ್ತಕವನ್ನೇ ಮುಟ್ಟುತ್ತಿರಲಿಲ್ಲ.

ಊಟ ಸೇರುತ್ತಾ, ನಿದ್ದೆ ಬರುತ್ತಾ, ಬದುಕೇ ಬೇಡ ಅನ್ನಿಸುತ್ತಾ ಎಂದು ಮೊದಲು ಕೇಳಿದೆ. ಪ್ರಾರ್ಥನೆ ಆಗುತ್ತಿಲ್ಲ ಎಂದು ಬಂದವರಲ್ಲಿ ಖಿನ್ನತೆ ಇರುವುದೂ ಉಂಟು. ಆಗ ದೇವರ ವಾಕ್ಯದ ಜೊತೆ ವೈದ್ಯರೂ ಬೇಕು. ಇವರಿಗೆ ಹಾಗಿರಲಿಲ್ಲ. ದಣಿವಿತ್ತು, ತಪ್ಪು ಮಾಡಿದೆನೆಂಬ ಕೊರಗಿತ್ತು.

"ಅಕ್ಕಾ, 1189 ಅಧ್ಯಾಯ ಇದೆ. ದಿನಕ್ಕೆ ಮೂರಕ್ಕಿಂತ ಜಾಸ್ತಿ ಆಯ್ತು. ಓದೋದು ಒಳ್ಳೇದೇ. ಆದರೆ ಓದೋದು ಬೇರೆ, ಧ್ಯಾನ ಬೇರೆ" ಎಂದೆ.

ಸತ್ಯವೇದದ ಕೀರ್ತನೆಗಳ ಪುಸ್ತಕದ ಮೊದಲನೇ ಕೀರ್ತನೆಯಲ್ಲಿ 'ಧ್ಯಾನಿಸು' ಎಂದು ನಾವು ಓದುವ ಕಡೆ ಹೀಬ್ರೂ ಭಾಷೆಯಲ್ಲಿರುವುದು 'ಹಗಾ' ಎಂಬ ಮಾತು. ಮೆಲ್ಲಗೆ ಗುನುಗುವುದು ಎಂದರ್ಥ. ಪ್ರವಾದಿ ಯೆಶಾಯನ ಪುಸ್ತಕದಲ್ಲಿ ಪಾರಿವಾಳದ ಮುಲುಕಿಗೂ ಸಿಂಹದ ಗುರುಗುಟ್ಟುವಿಕೆಗೂ ಇದೇ ಮಾತಿದೆ. ಅಂದರೆ ಕಣ್ಣು ಮುಚ್ಚಿ ಸುಮ್ನೆ ಕೂರುವುದಷ್ಟೇ ಧ್ಯಾನ ಅಲ್ಲ, ಬಾಯಿಗೂ ಕೆಲಸ ಇದೆ. ಹಗಲಿರುಳು ಧ್ಯಾನಿಸು ಎಂದು ಮೋಶೆಯ ನಂತರ ಇಸ್ರಾಯೇಲ್ಯರ ನಾಯಕನಾದ ಯೆಹೋಶುವನಿಗೆ ದೇವರು ಹೇಳಿದ್ದು ಅವನು ಜನರನ್ನು ಕಟ್ಟಿಕೊಂಡು ಯೊರ್ದನ್ ನದಿ ದಾಟಲು ಹೊರಟಾಗ. ಅವನಿಗೆಲ್ಲಿ ಬಿಡುವಿತ್ತು? ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಬಾಯಿಗೆ ಬಿಡುವು. ಅಷ್ಟು ಸಾಕು ಎಂದೆ.

ಪಟ್ಟಿಯನ್ನು ಸುಗ್ಗಿ ಮುಗಿಯುವವರೆಗೆ ನನ್ನ ಹತ್ತಿರವೇ ಇಟ್ಟುಕೊಂಡೆ. 23ನೇ ಕೀರ್ತನೆಯಲ್ಲಿ ಆರೇ ವಚನ, ಅಂದರೆ ಅಂಕಿ ಹಾಕಿದ ಆರು ಪುಟ್ಟ ಭಾಗ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು, ಭಾನುವಾರ ಪೂರ್ತಿ. ಮುಂದಿನ ವಾರ ಮತ್ತೆ ಅದೇ. ಬೆಳಗ್ಗೆ ಒಲೆ ಹೊತ್ತಿಸುವಾಗ ಒಮ್ಮೆ ಓದಿ, ವಚನವನ್ನು ಚೀಟಿಯಲ್ಲಿ ಬರೆದು ಮೆಟ್ಟುಗತ್ತಿ ಪಕ್ಕ ಇಟ್ಟುಕೊಳ್ಳುವುದು. ಗುನುಗುವಾಗ ಯಾವ ಮಾತು ಮನಸ್ಸಿಗೆ ತಾಗುತ್ತೋ ಅಲ್ಲೇ ನಿಂತು, ಅದನ್ನೇ ದೇವರ ಹತ್ತಿರ ಮಾತಾಡುವುದು. ಒಂದು ದಿನ ತಪ್ಪಿದರೆ ಎರಡು ವಚನ ಮಾಡಬೇಡಿ ಎಂದು ಒತ್ತಿ ಹೇಳಿದೆ.

ಎರಡನೇ ಸಲ ಬಂದಾಗ ಒಂದು ಅಳುಕು ತಂದಿದ್ದರು. "ಇದು ಜಪ ಆಯ್ತಲ್ಲ, ಯೇಸು ಸ್ವಾಮಿ ಬೇಡ ಅಂದಿದ್ದಾರೆ" ಎಂದು ಅವರ ಚರ್ಚಿನ ಸಭೆಯವರೊಬ್ಬರು ಹೇಳಿದ್ದರಂತೆ. ಕೇಳಬೇಕಾದ ಪ್ರಶ್ನೆಯೇ. ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದ ಏಳನೇ ವಚನ ತೆರೆದು ಇಬ್ಬರೂ ಓದಿದೆವು. ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆ ಎಂಬ ಎಣಿಕೆಯನ್ನು ಅಲ್ಲಿ ಬೇಡ ಎಂದಿದೆ. "ನೀವು ಗುನುಗೋದು ದೇವರಿಗೆ ಕೇಳಿಸಲಿ ಅಂತಲ್ಲ ಅಕ್ಕಾ, ನಿಮಗೆ ಕೇಳಿಸಲಿ ಅಂತ" ಎಂದೆ.

ಜನವರಿ ಕೊನೆಗೆ ಮತ್ತೆ ಬಂದರು. ಬೆರಳುಗಳಲ್ಲಿ ಅಡಿಕೆ ಕರೆ ಇನ್ನೂ ಹೋಗಿರಲಿಲ್ಲ. ಅತ್ತೆಗೆ ಕಾಯಿಲೆ ಜೋರಾಗಿ, ರಾತ್ರಿಯೆಲ್ಲಾ ಎದ್ದಿದ್ದ ದಿನ ನಾಲ್ಕನೇ ವಚನವಂತೆ.

"ಮೇಡಂ, ಮೊದಲ ಮೂರು ವಚನದಲ್ಲಿ 'ಆತನು, ಆತನು' ಅಂತಿದೆ. ಕಾರ್ಗತ್ತಲಿನ ಕಣಿವೆ ಬಂದ ಕೂಡಲೇ 'ನೀನು ಹತ್ತಿರವಿರುವದರಿಂದ' ಅಂತ ಆಗುತ್ತೆ. ಕತ್ತಲಲ್ಲೇ 'ನೀನು' ಅನ್ನೋದು. ನೋಡಿದ್ರಾ?"

ಎಷ್ಟೋ ವರ್ಷದಿಂದ ಓದಿದ ಕೀರ್ತನೆ. ನಾನು ಗಮನಿಸಿರಲಿಲ್ಲ, ಹಾಗೇ ಹೇಳಿದೆ.

ಚೀಟಿ ತೋರಿಸಿದರು. ಕರೆ ಹತ್ತಿ ಅಕ್ಷರ ಅರ್ಧ ಅಳಿಸಿತ್ತು. ಮುಂದಕ್ಕೆ 121ನೇ ಕೀರ್ತನೆ ಹಿಡಿಯೋಣ ಎಂದುಕೊಂಡೆವು, ಬೆಟ್ಟಗಳ ಕಡೆ ಕಣ್ಣೆತ್ತುವ ಕೀರ್ತನೆ. ಎಂಟು ವಚನ. ಪಟ್ಟಿ ವಾಪಸ್ ಬೇಕಾ ಎಂದು ಕೇಳಿದೆ.

"ಇರಲಿ ಮೇಡಂ, ಮಳೆಗಾಲಕ್ಕೆ ಇಸ್ಕೊಳ್ತೀನಿ" ಎಂದು ಬಸ್ಸಿಗೆ ಹೊರಟರು.